ಸಿದ್ದಾರೂಢ ಸರ್ ನೋಟ್ಸ್, ಪುಟ ಹದಿನೇಳು

ನವೆಂಬರ್ ೧೮, ಸೋಮವಾರ

ಇವತ್ತಿನಿಂದ ಬರೆಯುತ್ತೇನೆ. ಹೇಳಲಾಗದ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡರೆ ಬಿ.ಪಿ. ಏರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ವಿದ್ಯಾವತಿಗೆ ಹೇಳೋಣವೆಂದರೆ ಅವಳು ನಗುತ್ತಾಳೆ. ಹೆಂಡತಿ ನಕ್ಕರೆ ಬಿ.ಪಿ. ಇನ್ನೂ ಏರುತ್ತದೆ.

ಸಂಗತಿ ಇಷ್ಟು. ಸಿಂದಗಿ ಬಸ್ ಸ್ಟ್ಯಾಂಡಿನ ಹತ್ತಿರ ಖಲೀಲನ ಝೆರಾಕ್ಸ್ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಿ.ಎಸ್ಸಿ. ಗಣಿತಕ್ಕೆ ಒಂದೇ ನೋಟ್ಸ್ ಇತ್ತು. ಸಿದ್ದಾರೂಢ ಸರ್ ನೋಟ್ಸ್. ಗುಲಾಬಿ ರಟ್ಟು, ನನ್ನ ಕೈಬರಹ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗರೂ ಬಂದು ಒಯ್ಯುತ್ತಾರೆ. ನಾನು ಪಾಠ ಮಾಡುವುದು ಸಿಂದಗಿಯ ಒಂದು ಕಾಲೇಜಿನಲ್ಲಿ, ನನ್ನ ಅಕ್ಷರ ಪಾಠ ಮಾಡುವುದು ನಾಲ್ಕು ತಾಲ್ಲೂಕಿನಲ್ಲಿ. ಇವತ್ತು ಹೋಗಿ ನೋಡಿದರೆ ನನ್ನ ಗುಲಾಬಿ ಗುಡ್ಡೆಯ ಪಕ್ಕದಲ್ಲಿ ಹಸಿರು ರಟ್ಟಿನ ಗುಡ್ಡೆ.

"ಏನಿದು, ಖಲೀಲ?" ಅಂದೆ.

"ನಾಜಿಮಾ ಮೇಡಂ ನೋಟ್ಸ್ ರಿ ಸರ. ಮುದ್ದೇಬಿಹಾಳದಾಗ ಗೆಸ್ಟ್ ಲೆಕ್ಚರರ್ ಅದಾರಲ್ರಿ. ನಿಮ್ಮ ಸ್ಟೂಡೆಂಟ್ ಅಲ್ಲೇನ್ರಿ ಅವರು?"

ಹೌದು, ನನ್ನ ವಿದ್ಯಾರ್ಥಿನಿಯೇ. ನಾಲತವಾಡದ ಹುಡುಗಿ, ಸಿಂದಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದಳು. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಇಳಿಸಿಕೊಂಡವಳು ಈಗ ಮೇಡಂ. ಆಗಲಿ, ಬೇಡವೆಂದವರಾರು? ಆದರೆ ನನ್ನ ಗುಡ್ಡೆಗೆ ಅಂಟಿಸಿಯೇ ಇಡಬೇಕಿತ್ತೇ? ಅಂಗಡಿಯಲ್ಲಿ ಬೇರೆ ಜಾಗವೇ ಇರಲಿಲ್ಲವೇ?

ನವೆಂಬರ್ ೨೦, ಬುಧವಾರ

ಪೆನ್ನು ತರಲು ಖಲೀಲನ ಅಂಗಡಿಗೆ ಹೋಗಿದ್ದೆ. ನಿನ್ನೆಯೂ ಪೆನ್ನು ತರಲು ಹೋಗಿದ್ದೆ. ಹಸಿರು ಗುಡ್ಡೆ ಅರ್ಧ ಇಳಿದಿದೆ. ಗುಲಾಬಿಯ ಮೇಲೆ ಧೂಳು ಕೂತಿತ್ತು, ಕರ್ಚೀಫಿನಿಂದ ಒರೆಸಿ ಬಂದೆ. ಖಲೀಲ ನೋಡಲಿಲ್ಲ ಎಂದುಕೊಂಡಿದ್ದೇನೆ.

ನವೆಂಬರ್ ೨೩, ಶನಿವಾರ

ಆ ನೋಟ್ಸಿನಲ್ಲಿ ಅಂಥದ್ದೇನಿದೆ ಎಂದು ನೋಡಬೇಕು. ನಾನೇ ಹೋಗಿ ಕೇಳಿದರೆ ಊರೆಲ್ಲ ಸುದ್ದಿ. ವಿದ್ಯಾವತಿಗೆ ತರಲು ಹೇಳಿದೆ. "ನಾ ಯಾವ ಬಿ.ಎಸ್ಸಿ. ಓದಾಕತ್ತೇನಿ ಅಂತ ತರ್ಲಿರಿ?" ಅಂದಳು. ನಕ್ಕಳು ಕೂಡ.

ಆಮೇಲೆ ತರುವ ಅಗತ್ಯವೇ ಬೀಳಲಿಲ್ಲ. ಐಶ್ವರ್ಯಳ ಬ್ಯಾಗಿನಲ್ಲಿ ಕ್ಯಾಲ್ಕ್ಯುಲೇಟರ್ ಹುಡುಕುತ್ತಿದ್ದೆ. ನನ್ನ ಮಗಳು, ನನ್ನದೇ ಕಾಲೇಜು, ನನ್ನದೇ ಕ್ಲಾಸು, ಮೊದಲ ವರ್ಷದ ಬಿ.ಎಸ್ಸಿ. ಬ್ಯಾಗಿನಲ್ಲಿ ಗುಲಾಬಿ ರಟ್ಟು ಕಂಡಿತು. ಖುಷಿಯಾಗಿ ತೆರೆದೆ. ಅಕ್ಷರ ನನ್ನದಲ್ಲ. ರಟ್ಟು ನನ್ನದು, ಒಳಗಿನ ಹಾಳೆಗಳು ನಾಜಿಮಾಳವು. ಮಗಳು ಸ್ಪೈರಲ್ ಬಿಚ್ಚಿ, ಹಾಳೆ ಬದಲಿಸಿ, ಮತ್ತೆ ಹಾಕಿಸಿಕೊಂಡಿದ್ದಾಳೆ. ಮೂರು ತಿಂಗಳಿಂದ ನನ್ನನ್ನು ಒಂದು ಡೌಟೂ ಕೇಳಿರಲಿಲ್ಲ. ಹುಡುಗಿ ಜಾಣೆ, ಎಲ್ಲ ತಾನೇ ತಿಳಿದುಕೊಳ್ಳುತ್ತಾಳೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದ್ದೆ.

ಇದ್ದಲ್ಲೇ ಇಟ್ಟೆ. ಊಟ ಸೇರಲಿಲ್ಲ.

ನವೆಂಬರ್ ೨೭, ಬುಧವಾರ

ಸಂಜೆ ಐಶ್ವರ್ಯ ಗೆಳತಿಯರ ಮನೆಗೆ ಹೋದಾಗ ಆ ಹಾಳೆಗಳನ್ನು ಓದುತ್ತಿದ್ದೇನೆ. ತಪ್ಪು ಹುಡುಕುವುದಕ್ಕೆ. ಎಳೆಯ ಮಾಸ್ತರರು ತಪ್ಪು ಮಾಡಿಯೇ ಮಾಡುತ್ತಾರೆ.

ನಿನ್ನೆ ಹನ್ನೆರಡು ಲೆಕ್ಕ ಬಿಡಿಸಿ ತಾಳೆ ನೋಡಿದೆ. ಹನ್ನೆರಡೂ ಸರಿ. ಇವತ್ತು ಒಂಬತ್ತು. ಒಂಬತ್ತೂ ಸರಿ. ಒಂದು ಲೆಕ್ಕವನ್ನು ನಾಜಿಮಾ ನಾಲ್ಕೇ ಸಾಲಿನಲ್ಲಿ ಮುಗಿಸಿದ್ದಾಳೆ, ನನ್ನ ನೋಟ್ಸಿನಲ್ಲಿ ಅದು ಒಂದೂವರೆ ಪುಟ. ನಾಲ್ಕು ಸಾಲು ಹೇಗೆ ಸಾಕಾಯಿತು ಎಂದು ಮತ್ತೆ ಮತ್ತೆ ಬಿಡಿಸಿದೆ. ವಿದ್ಯಾವತಿ ಇಟ್ಟ ಚಹಾ ಆರಿಹೋಯಿತು. ಈ ನಾಲ್ಕು ಸಾಲು ನನಗೆ ಯಾಕೆ ಹೊಳೆದಿರಲಿಲ್ಲ? ಅವಳಿಗೆ ಯಾರು ಹೇಳಿಕೊಟ್ಟರು? ನಾನಂತೂ ಅಲ್ಲ.

ನವೆಂಬರ್ ೩೦, ಶನಿವಾರ

ಪ್ರತಿವರ್ಷ ಪರೀಕ್ಷೆಗೆ ಮುಂಚೆ ಇಂಡಿಯಲ್ಲಿ ನಾಲ್ಕೂ ತಾಲ್ಲೂಕಿನ ಹುಡುಗರಿಗೆ ಒಂದು ದಿನದ ಗಣಿತ ಶಿಬಿರ ಇರುತ್ತದೆ. ವಕ್ರರೇಖೆಗಳ ಪಾಠ ನನ್ನದೇ. ಈ ವರ್ಷದ ಪಟ್ಟಿ ಬಂತು. ಬೆಳಿಗ್ಗೆ ಹತ್ತಕ್ಕೆ ನಾಜಿಮಾ. ಊಟವಾದ ಮೇಲೆ ನಾನು.

ಊಟವಾದ ಮೇಲೆ, ಹುಡುಗರು ತೂಕಡಿಸುವ ಹೊತ್ತಿಗೆ, ನಾನು.

ಡಿಸೆಂಬರ್ ೩, ಮಂಗಳವಾರ

ಸಿಕ್ಕಿತು. ಕೊನೆಗೂ ಸಿಕ್ಕಿತು.

ಇನ್‌ಫ್ಲೆಕ್ಷನ್ ಪಾಯಿಂಟಿನ ಪಾಠದಲ್ಲಿ. ವಕ್ರರೇಖೆ ಒಂದು ಕಡೆಗೆ ಬಾಗುತ್ತ ಬಂದು, ಯಾವ ಬಿಂದುವಿನಲ್ಲಿ ಇನ್ನೊಂದು ಕಡೆಗೆ ಬಾಗಲು ಶುರುಮಾಡುತ್ತದೋ ಅದು ಇನ್‌ಫ್ಲೆಕ್ಷನ್ ಪಾಯಿಂಟ್. ಅದನ್ನು ಹಿಡಿಯುವ ನನ್ನ ಮೂರು ಸ್ಟೆಪ್ಪು ಈ ಭಾಗದ ಹುಡುಗರಿಗೆಲ್ಲ ಬಾಯಿಪಾಠ, ನನ್ನ ನೋಟ್ಸಿನ ಹದಿನೇಳನೇ ಪುಟ: ಎರಡನೇ ಡೆರಿವೇಟಿವ್ ತೆಗೆ, ಸೊನ್ನೆಗೆ ಸಮ ಮಾಡು, ಬಂದ ಬೆಲೆಯೇ ಬಿಂದು.

ಅವಳು ಏನು ಬರೆದಿದ್ದಾಳೆ ಗೊತ್ತೇ? "ಬಸ್ಸಿನ ಸ್ಟೀರಿಂಗನ್ನು ಎಡದಿಂದ ಬಲಕ್ಕೆ ತಿರುಗಿಸುವಾಗ ನಡುವೆ ಒಂದು ಕ್ಷಣ ಅದು ನೇರವಾಗುತ್ತದೆ. ಎರಡನೇ ಡೆರಿವೇಟಿವ್ ಸೊನ್ನೆ ಎಂದರೆ ಸ್ಟೀರಿಂಗ್ ನೇರವಾಗಿದೆ ಎಂದಷ್ಟೇ ಅರ್ಥ. ಮುಂದೆ ಯಾವ ಕಡೆಗೆ ತಿರುಗಿತು ಎಂದು ನೋಡದೆ ತೀರ್ಪು ಕೊಡಬೇಡಿ." ಇದು ಗಣಿತವೋ ಡ್ರೈವಿಂಗ್ ಸ್ಕೂಲೋ? ಅದರ ಕೆಳಗೆ y = x⁴ ಎಂಬ ಲೆಕ್ಕ, ಉತ್ತರ: ಇನ್‌ಫ್ಲೆಕ್ಷನ್ ಪಾಯಿಂಟ್ ಇಲ್ಲ. ಇಲ್ಲವಂತೆ! ಎರಡನೇ ಡೆರಿವೇಟಿವ್ 12x², ಸೊನ್ನೆಗೆ ಸಮ ಮಾಡಿದರೆ x = 0, ಬಿಂದು ಕಣ್ಣೆದುರಿಗೇ ಇದೆ. ಈ ವರ್ಷದ ಮಾದರಿ ಪ್ರಶ್ನೆಪತ್ರಿಕೆಯಲ್ಲಿ ಇದೇ ಲೆಕ್ಕ ಐದು ಅಂಕಕ್ಕೆ ಬಂದಿದೆ. ಅವಳ ನೋಟ್ಸ್ ಓದಿದವರೆಲ್ಲ ಐದು ಅಂಕ ಕಳೆದುಕೊಳ್ಳುತ್ತಾರೆ.

ರಾತ್ರಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ. ವಿದ್ಯಾವತಿ ಆಶ್ಚರ್ಯದಿಂದ ನೋಡಿದಳು.

ಡಿಸೆಂಬರ್ ೭, ಶನಿವಾರ

ನಾಳೆ ಇಂಡಿ. ಬಿಳಿ ಅಂಗಿ ಇಸ್ತ್ರಿ ಮಾಡಿಸಿದ್ದೇನೆ. ಐಶ್ವರ್ಯಳೂ ಬರುತ್ತಾಳೆ. ಬರಲಿ, ನೋಡಲಿ.

ಡಿಸೆಂಬರ್ ೮, ರವಿವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಬೆಳಿಗ್ಗೆ ನಾಜಿಮಾಳ ಪಾಠ. ನೂರೈವತ್ತು ಹುಡುಗರು. ಕೈಯಲ್ಲಿ ಇಲ್ಲದ ಸ್ಟೀರಿಂಗ್ ಹಿಡಿದು ತಿರುಗಿಸಿ ತೋರಿಸಿದಳು. ಹುಡುಗರು ನಕ್ಕರು, ಬರೆದುಕೊಂಡರು, ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದರು. ನನ್ನ ಕ್ಲಾಸಿನಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ, ಅದನ್ನು ನಾನು ಶಿಸ್ತು ಎಂದುಕೊಂಡಿದ್ದೇನೆ. ಐಶ್ವರ್ಯ ಎದ್ದು ನಿಂತು ಏನೋ ಕೇಳಿದಳು. ನನ್ನ ಮಗಳ ಧ್ವನಿ ಅಷ್ಟು ಗಟ್ಟಿ ಎಂದು ನನಗೆ ಗೊತ್ತಿರಲಿಲ್ಲ. ಆಗ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು, ಸುಳ್ಳು ಯಾಕೆ ಬರೆಯಲಿ.

ಊಟವಾದ ಮೇಲೆ ನಾನು ಎದ್ದು ಬೋರ್ಡಿನ ಮೇಲೆ ದೊಡ್ಡದಾಗಿ y = x⁴ ಬರೆದೆ.

"ಎರಡನೇ ಡೆರಿವೇಟಿವ್ ಎಷ್ಟಾತು?"

"ಟ್ವೆಲ್ವ್ ಎಕ್ಸ್ ಸ್ಕ್ವೇರ್ ರಿ ಸರ."

"ಸೊನ್ನಿಗೆ ಸಮ ಮಾಡ್ರಿ. ಬಿಂದು ಸಿಕ್ತೋ ಇಲ್ಲೋ?"

"ಸಿಕ್ತ್ರಿ."

"ಕಣ್ಣಿಗೆ ಕಾಣೋ ಬಿಂದು ಇಲ್ಲ ಅಂತ ಬರದಾರ ಒಂದು ಹಸಿರು ನೋಟ್ಸಿನ್ಯಾಗ. ಬಸ್ ಹೊಡಿಯೂದು ಕಲೀಬೇಕಂದ್ರ ಅದನ್ನ ಓದ್ರಿ. ಪಾಸಾಗಬೇಕಂದ್ರ ಬ್ಯಾಡ."

ಜೋರಾಗಿ ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ನಾಜಿಮಾ ನನ್ನನ್ನೇ ನೋಡಿದಳು. ಪೆನ್ನಿನ ಕ್ಯಾಪು ಹಾಕಿದಳು. ಐಶ್ವರ್ಯ ತಲೆ ತಗ್ಗಿಸಿಕೊಂಡಿದ್ದಳು.

ವಾಪಸ್ ಬರುವಾಗ ಐಶ್ವರ್ಯ ಬಸ್ಸಿನ ಹಿಂದಿನ ಸೀಟಿಗೆ ಹೋದಳು. ನನಗೆ ಡ್ರೈವರನ ಹಿಂದೆ ಸೀಟು ಸಿಕ್ಕಿತು. ಮನಸ್ಸು ಹಗುರವಾಗಿತ್ತು. ಸುಮ್ಮನೆ ಅವನ ಕೈ ನೋಡುತ್ತಿದ್ದೆ. ಒಂದು ತಿರುವಿನಲ್ಲಿ ಎಡಕ್ಕೆ ಹಿಡಿದಿದ್ದ ಸ್ಟೀರಿಂಗನ್ನು ನೇರ ಮಾಡಿದ. ಇನ್ನು ಬಲಕ್ಕೆ ಹೋಗುತ್ತದೆ ಎಂದುಕೊಂಡೆ. ಮತ್ತೆ ಎಡಕ್ಕೇ ತಿರುಗಿಸಿದ.

ಮನೆಗೆ ಬಂದು ಕಾಲು ತೊಳೆಯದೆ ಹಾಳೆ ತೆಗೆದುಕೊಂಡೆ. x ಜಾಗದಲ್ಲಿ ಒಂದು ಹಾಕಿದೆ, ಹನ್ನೆರಡು ಬಂತು. ಮೈನಸ್ ಒಂದು ಹಾಕಿದೆ, ಅದೂ ಹನ್ನೆರಡು. ಸೊನ್ನೆಯ ಆ ಕಡೆಗೂ ಪ್ಲಸ್, ಈ ಕಡೆಗೂ ಪ್ಲಸ್. ರೇಖೆ ಬಾಗುವ ಕಡೆ ಬದಲಾಗಲೇ ಇಲ್ಲ. ಬಿಂದು ಇಲ್ಲ.

ಡಿಸೆಂಬರ್ ೯, ಸೋಮವಾರ

ಹತ್ತೊಂಬತ್ತು ವರ್ಷ ಯಾರೂ ಕೇಳಲಿಲ್ಲ. ಪರೀಕ್ಷೆಯಲ್ಲಿ ಪ್ರತಿಸಲವೂ x³ದಂಥ ಲೆಕ್ಕಗಳೇ ಬರುತ್ತಿದ್ದವು, ಅಲ್ಲಿ ನನ್ನ ಮೂರು ಸ್ಟೆಪ್ಪು ಸಾಕಾಗುತ್ತಿತ್ತು. ಸಾಕಾಗುವುದನ್ನು ತಪ್ಪು ಎನ್ನುವುದು ಹೇಗೆ? ನಾನು ಹೇಳಿದ್ದು ಅಪೂರ್ಣ ಇರಬಹುದು. ಅಪೂರ್ಣ ಬೇರೆ, ತಪ್ಪು ಬೇರೆ.

ಬೆಳಿಗ್ಗೆಯಿಂದ ಇಪ್ಪತ್ತು ಹೊಸ ವಕ್ರರೇಖೆ ಬರೆದು ನೋಡಿದೆ. ಆರರಲ್ಲಿ ನನ್ನ ಸ್ಟೆಪ್ಪು ಸೋತಿತು. x⁶ ಕೂಡ ಹಾಗೆಯೇ. ಅದು ಹೇಗೆ ಸೊನ್ನೆಯನ್ನು ಮುಟ್ಟಿ ಮತ್ತೆ ಬಂದ ಕಡೆಗೇ ಬಾಗುತ್ತದೆ, ನೋಡಲು ಚೆಂದ. ಇದನ್ನು ಬರೆಯುವ ಅಗತ್ಯವಿರಲಿಲ್ಲ.

ಡಿಸೆಂಬರ್ ೧೦, ಮಂಗಳವಾರ

ನಾಜಿಮಾ ಫೋನ್ ಮಾಡಿದ್ದಳು. ಅಳುತ್ತಾಳೆ ಎಂದುಕೊಂಡೆ, ಅಥವಾ ಬೈಯುತ್ತಾಳೆ. ಎರಡಕ್ಕೂ ಉತ್ತರ ತಯಾರಿತ್ತು.

"ಸರ, ಎರಡೂ ಕಡೆ ಬೆಲೆ ಹಾಕಿ ನೋಡಿದ್ರೇನ್ರಿ?"

"ನೋಡೇನಿ."

"ಹಂಗಾರ ನಿಮಗ ಗೊತ್ತಾಗೈತಿ. ನಾ ಫಸ್ಟ್ ಇಯರ್ ಇದ್ದಾಗ ಇದನ್ನ ಕೇಳಿದ್ದೆರಿ ನಿಮಗ. ಪರೀಕ್ಷಾದಾಗ ಬರೂದಿಲ್ಲ, ಕುಂದರು ಅಂದಿದ್ರಿ."

ನೆನಪಿಲ್ಲ ಎಂದೆ. ನಿಜವಾಗಿಯೂ ನೆನಪಿಲ್ಲ. ಎಷ್ಟು ಹುಡುಗರನ್ನು ಕೂರಿಸಿದ್ದೇನೋ, ಯಾರಿಗೆ ನೆನಪಿರುತ್ತದೆ?

"ಇರ್ಲಿ ಬಿಡ್ರಿ. ಮೊನ್ನೆ ಇಂಡ್ಯಾಗ ಬೋರ್ಡಿಗೆ ಬಂದು ನಾನ ಹೇಳಬಹುದಿತ್ತು. ಎದ್ದಿದ್ರ ಸಿಟ್ಟಿನ್ಯಾಗ ಏನೇನೋ ಅಂದುಬಿಡ್ತಿದ್ದೆ, ಅದಕ್ಕ ಕುಂತೆ. ಶುಕ್ರವಾರ ತನಕಾ ಸುಮ್ಮನಿರ್ತೇನಿ. ನೀವ ಹುಡುಗ್ರಿಗೆ ಹೇಳ್ರಿ. ಇಲ್ಲಾಂದ್ರ ಶನಿವಾರ ನಾನ ಹೇಳಬೇಕಾಗ್ತೈತಿ. ಸೋಮವಾರ ಪೇಪರ್ ಐತಲ್ರಿ."

ಧ್ವನಿ ಒಂದಿಷ್ಟೂ ನಡುಗಲಿಲ್ಲ. ನಾನು ಅವಳ ವಯಸ್ಸಿನಲ್ಲಿ ನನ್ನ ಗುರುಗಳ ಎದುರು ನೀರು ಕೇಳಲಿಕ್ಕೂ ಹೆದರುತ್ತಿದ್ದೆ. ಅದಕ್ಕೂ ಹೊಟ್ಟೆಕಿಚ್ಚಾಯಿತು.

ಡಿಸೆಂಬರ್ ೧೧, ಬುಧವಾರ

ನಾಲ್ಕು ತಾಲ್ಲೂಕಿನ ಗಣಿತದ ವಾಟ್ಸಾಪ್ ಗ್ರೂಪಿಗೆ ಮೆಸೇಜು ಬರೆದೆ. ಐದು ಸಲ ಬರೆದು ಅಳಿಸಿದೆ. ಗ್ರೂಪಿನಲ್ಲಿ ಹುಡುಗರಷ್ಟೇ ಅಲ್ಲ, ನನ್ನ ಹಳೆಯ ವಿದ್ಯಾರ್ಥಿಗಳಿದ್ದಾರೆ, ಈಗ ಅವರೂ ಮಾಸ್ತರರು. ಬೇರೆ ಕಾಲೇಜಿನ ಪ್ರಾಧ್ಯಾಪಕರಿದ್ದಾರೆ. ಕೊನೆಗೆ ಹೀಗೆ ಕಳಿಸಿದೆ:

"ನೋಟ್ಸಿನ ಹದಿನೇಳನೇ ಪುಟದಲ್ಲಿ ಝೆರಾಕ್ಸ್ ಮಷಿನ್ನಿನ ದೋಷದಿಂದ ಕೊನೆಯ ಸಾಲು ಬಿಟ್ಟುಹೋಗಿದೆ. ನಾಲ್ಕನೇ ಸ್ಟೆಪ್ಪು: ಎರಡೂ ಕಡೆ ಚಿಹ್ನೆ ಬದಲಾಗುವುದೇ ಎಂದು ಪರೀಕ್ಷಿಸಿ. ಬದಲಾಗದಿದ್ದರೆ ಬಿಂದು ಇಲ್ಲ. ಶಿಬಿರದಲ್ಲಿ ಸಮಯ ಸಾಲದೆ ಇದನ್ನು ಹೇಳಲಾಗಲಿಲ್ಲ."

ಯಾರಿಗೂ ನಷ್ಟವಿಲ್ಲ. ಹುಡುಗರಿಗೆ ಸರಿ ಉತ್ತರ ಸಿಕ್ಕಿತು. ಅರವತ್ತೆರಡು ಹೆಬ್ಬೆರಳು ಬಂದಿವೆ. ನಾಜಿಮಾ ಓದಿದ್ದಾಳೆ, ಏನೂ ಹಾಕಿಲ್ಲ.

ಡಿಸೆಂಬರ್ ೧೨, ಗುರುವಾರ

ಖಲೀಲನ ಅಂಗಡಿಗೆ ಹೋದೆ. ಯಾವಾಗಲೂ ನನ್ನನ್ನು ಕಂಡ ಕೂಡಲೇ ಚಹಾಕ್ಕೆ ಹೇಳುವವನು ಇವತ್ತು ಹೇಳಲಿಲ್ಲ. ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರು ತಂದು ಕೌಂಟರಿನ ಮೇಲಿಟ್ಟ.

"ಸರ, ಇದು ನೀವ ಬರದು ಕೊಟ್ಟ ಅಸಲು ಹಾಳಿ. ನಮ್ಮ ಅಬ್ಬಾ ಇದ್ದಾಗಿಂದ ಹಿಂಗ ಇಟ್ಟೇವಿ. ಮಷಿನ್ ನುಂಗಿದ ಸಾಲು ಯಾವುದು, ತೋರಸ್ರಿ."

ಹದಿನೇಳನೇ ಪುಟ. ನನ್ನ ನೀಲಿ ಮಸಿ. ಮೂರು ಸ್ಟೆಪ್ಪು, ಕೆಳಗೆ ಎರಡು ಗೆರೆ ಎಳೆದು ಸುತ್ತ ಚೌಕ ಹಾಕಿದ್ದೇನೆ. ನಾಲ್ಕನೆಯದಕ್ಕೆ ಜಾಗವೇ ಬಿಟ್ಟಿರಲಿಲ್ಲ.

"ಬರೀಬೇಕಂತ ಮಾಡಿದ್ದೆ," ಅಂದೆ.

"ಬರೀಲಾರದ್ದನ್ನ ಮಷಿನ್ ಹೆಂಗ ನುಂಗ್ತೈತ್ರಿ? ಮುಂಜಾನಿಂದ ಹುಡುಗ್ರು ಬರಾಕತ್ತಾರ, ನಿಮ್ಮ ಮಷಿನ್ ಸರಿ ಇಲ್ಲಂತ, ಸಾಲು ಬಿಡತೈತಂತ, ಬ್ಯಾರೆ ಅಂಗಡಿಗೆ ಹೊಂಟಾರ. ನಾ ಯಾರಿಗಂತ ಹೇಳ್ಲಿರಿ? ಸಿದ್ದಾರೂಢ ಸರ ಸುಳ್ಳು ಬರದಾರ ಅಂತ ನನ್ನ ಬಾಯಿಲೆ ಹೆಂಗ ಬರತೈತ್ರಿ?"

ಹಾಳೆಯನ್ನು ಮತ್ತೆ ಕವರಿನೊಳಗೆ ಇಟ್ಟು ಬಂದೆ. ಇಷ್ಟು ವರ್ಷ ಆ ಹಾಳೆಗೆ ಒಂದು ಕಲೆ ಬೀಳದಂತೆ ಇಟ್ಟಿದ್ದಾರೆ ತಂದೆ, ಮಗ.

ಮನೆಯಲ್ಲಿ ಐಶ್ವರ್ಯ ಪಡಸಾಲೆಯಲ್ಲೇ ಕೂತು ಓದುತ್ತಿದ್ದಳು. ಕೈಯಲ್ಲಿ ಹಸಿರು ರಟ್ಟು. ಇಷ್ಟು ದಿನ ನನಗೆ ಬೇಸರವಾಗದಿರಲೆಂದು ಗುಲಾಬಿಯಲ್ಲಿ ಮುಚ್ಚಿಟ್ಟಿದ್ದಳು. ಇವತ್ತು ಮುಚ್ಚಲಿಲ್ಲ. ನಾನು ಹಾದುಹೋದರೂ ಕತ್ತೆತ್ತಲಿಲ್ಲ.

ಡಿಸೆಂಬರ್ ೧೩, ಶುಕ್ರವಾರ

ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಖಲೀಲನ ಬಳಿ ಹೋದೆ. ಒಂದು ಬಿಳಿ ಹಾಳೆ ಕೇಳಿದೆ. ಕೌಂಟರಿನ ಮುಂದೆ ನಿಂತುಕೊಂಡೇ ಹದಿನೇಳನೇ ಪುಟವನ್ನು ಹೊಸದಾಗಿ ಬರೆದೆ. ನಾಲ್ಕು ಸ್ಟೆಪ್ಪು. ನಾಲ್ಕನೆಯದನ್ನು ಹುಡುಗರಿಗೆ ಹೇಗೆ ಮನದಟ್ಟು ಮಾಡುವುದು? ಬಹಳ ಹೊತ್ತು ಯೋಚಿಸಿದೆ. ಸ್ಟೀರಿಂಗಿಗಿಂತ ಒಳ್ಳೆಯ ಉದಾಹರಣೆ ಹೊಳೆಯಲಿಲ್ಲ, ಹೊಳೆಯಲಿ ಎಂದು ನಿಜವಾಗಿಯೂ ಆಸೆಪಟ್ಟೆ. ಅದನ್ನೇ ಬರೆದೆ. ಕೆಳಗೆ "ಈ ಉದಾಹರಣೆ ನಾಜಿಮಾ ಅವರದು, ಮುದ್ದೇಬಿಹಾಳ" ಎಂದು ಸೇರಿಸುವಾಗ ಪೆನ್ನು ಎರಡು ಸಲ ನಿಂತಿತು. ಮಸಿ ಮುಗಿದಿರಲಿಲ್ಲ.

ಖಲೀಲ ಓದಿ, ಹಳೆಯ ಹಾಳೆಯನ್ನು ಕವರಿನಿಂದ ತೆಗೆದು ನನ್ನ ಕೈಗೆ ಕೊಟ್ಟ. ಆಮೇಲೆ ಚಹಾಕ್ಕೆ ಹೇಳಿದ.

ಅಲ್ಲೇ ಕೂತು ಗ್ರೂಪಿಗೆ ಕಳಿಸಿದೆ: "ಮಷಿನ್ ಸಾಲು ಬಿಟ್ಟಿಲ್ಲ. ಆ ಸಾಲನ್ನು ನಾನು ಯಾವತ್ತೂ ಬರೆದಿರಲಿಲ್ಲ, ಯಾಕೆಂದರೆ ನನಗೆ ಗೊತ್ತಿರಲಿಲ್ಲ. ಇಂಡಿಯಲ್ಲಿ ನಾನು ಹೇಳಿದ್ದು ತಪ್ಪು. ನಾಜಿಮಾ ಮೇಡಂ ಬರೆದದ್ದು ಸರಿ. ಅವರನ್ನು ನೋಡಿ ನಕ್ಕವರು ನನ್ನ ಮಾತು ನಂಬಿ ನಕ್ಕರು, ಅದೂ ನನ್ನ ತಪ್ಪೇ."

ಈ ಸಲ ಹೆಬ್ಬೆರಳುಗಳು ಕಡಿಮೆ. ಇಬ್ಬರು ನಗುವ ಮುಖ ಹಾಕಿದರು. ಪ್ರಿನ್ಸಿಪಾಲರು ಫೋನ್ ಮಾಡಿ, ಇದನ್ನೆಲ್ಲ ಗ್ರೂಪಿನಲ್ಲಿ ಹಾಕಬೇಕಿತ್ತೇ ಎಂದು ಕೇಳಿದರು. ಹಾಕಿದ್ದೇನೆ ಎಂದೆ. ವಿದ್ಯಾವತಿ ಇವತ್ತು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಸಂಜೆ ಚೇತನಕುಮಾರನ ಮೆಸೇಜು ಬಂತು. ಹಳೆಯ ವಿದ್ಯಾರ್ಥಿ, ಬಸವನ ಬಾಗೇವಾಡಿಯಲ್ಲಿ ಬಿ.ಎಸ್ಸಿ. ಹುಡುಗರಿಗೆ ಟ್ಯೂಷನ್ ಹೇಳುತ್ತಾನೆ, ಮಸೂತಿ ಎಂಬ ಹಳ್ಳಿಯವನು. "ಸರ, ಏಳು ವರ್ಷದಿಂದ ನಾನೂ ನಿಮ್ಮ ಮೂರು ಸ್ಟೆಪ್ಪ ಹೇಳ್ಕೋತ ಬಂದೇನಿ. ನಾಳೆ ಹುಡುಗ್ರ ಮುಂದ ಹೆಂಗ ನಿಂದರ್ಲಿ? ಒಂದು ಸಲ ಫೋನಿನ್ಯಾಗ ತಿಳಿಸಿ ಹೇಳ್ರಿ."

ಇನ್ನೊಂದು ಸಲ ಓದಿದೆ. ಏಳು ವರ್ಷ. ವರ್ಷಕ್ಕೆ ಎಷ್ಟು ಹುಡುಗರೋ. ಅವರಲ್ಲಿ ಎಷ್ಟು ಜನ ಮಾಸ್ತರರಾಗಿದ್ದಾರೋ.

ಆದರೆ ಅವನು ಕೇಳಿದ್ದು ನನ್ನನ್ನೇ. ಇಷ್ಟಾದ ಮೇಲೂ ನನ್ನನ್ನೇ. ನಾನು ಹೇಳಬಲ್ಲೆ. ನಾಲ್ಕು ದಿನದಲ್ಲಿ ಆ ಪಾಠ ನನಗೆ ಅಂಗೈಯಷ್ಟು ಸ್ಪಷ್ಟವಾಗಿದೆ. ಫೋನ್ ಹಚ್ಚಲು ಅವನ ಹೆಸರು ಒತ್ತುವವನಿದ್ದೆ. ಆಮೇಲೆ ಶಿಬಿರದಲ್ಲಿ ಗಾಳಿಯಲ್ಲೇ ಸ್ಟೀರಿಂಗ್ ತಿರುಗಿಸಿದ ಅವಳ ಕೈ ಕಣ್ಣಮುಂದೆ ಬಂತು. ನೂರೈವತ್ತು ಹುಡುಗರಿಗೆ ಒಂದೇ ಸಲಕ್ಕೆ ತಿಳಿದಿತ್ತು.

"ನನಗಿಂತ ನಾಜಿಮಾ ಮೇಡಂ ಚಲೋ ಹೇಳ್ತಾರ, ಅವರಿಗೆ ಕೇಳು" ಎಂದು ಬರೆದು ಅವಳ ನಂಬರು ಕಳಿಸಿದೆ.

ಕಳಿಸಿದ ಕೂಡಲೇ ಹೊಟ್ಟೆ ಉರಿಯಿತು. ಇದನ್ನು ಬರೆಯುವಾಗಲೂ ಉರಿಯುತ್ತಿದೆ. ಅವನು ಕೇಳಿದನೋ ಇಲ್ಲವೋ, ಅವಳು ಹೇಳಿದಳೋ ಇಲ್ಲವೋ ಎಂದು ಅರ್ಧ ತಾಸು ಚಡಪಡಿಸಿದೆ. ಕೊನೆಗೆ ತಡೆಯದೆ ಅವಳ ನಂಬರಿಗೆ ಒಂದು ಸಲ ಹಚ್ಚಿ ನೋಡಿದೆ.

ಎಂಗೇಜ್ ಬಂತು.